ಬಾಸ್ಫರಸ್ ಜಲಸಂಧಿಯೂ ನಮ್ಮ ಶಾಲೆಯ ಗಾಜಿನ ತೊಟ್ಟಿಯೂ

ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ನನ್ನಿಂದ ಪಾಠ ಕೇಳಿದವರಿಗೆ ಆ ಗಾಜಿನ ತೊಟ್ಟಿ ನೆನಪಿರಬಹುದು. ನಡುವೆ ತಗಡಿನ ತಡೆ. ಒಂದು ಕಡೆ ಸಿಹಿನೀರು, ಇನ್ನೊಂದು ಕಡೆ ಕೆಂಪು ಶಾಯಿ ಬೆರೆಸಿದ ಉಪ್ಪುನೀರು. ತಡೆಯನ್ನು ಎತ್ತಿದೊಡನೆ ಕೆಂಪು ನೀರು ತಳ ಹಿಡಿದು, ಮೊಂಡು ಮೂತಿಯ ಹಾವಿನಂತೆ ಮುಂದಕ್ಕೆ ನುಗ್ಗುತ್ತಿತ್ತು. ಸಿಹಿನೀರು ಅದರ ಮೇಲೆ ಹಿಂದಕ್ಕೆ ಸರಿಯುತ್ತಿತ್ತು.

ಈ ಪ್ರಯೋಗದ ಮೂಲಪುರುಷ ಇಟಲಿಯ ಬೊಲೋನ್ಯದ ಲೂಯಿಜಿ ಮಾರ್ಸಿಲಿ. 1679ರಲ್ಲಿ ಕಾನ್‌ಸ್ಟಾಂಟಿನೋಪಲ್‌ಗೆ ಹೋದಾಗ ಆತ ಇಪ್ಪತ್ತೊಂದರ ತರುಣ. ಬಾಸ್ಫರಸ್ ಜಲಸಂಧಿಯಲ್ಲಿ ಮೇಲಿನ ನೀರು ಮರ್ಮರ ಸಮುದ್ರದತ್ತ ಹರಿದರೆ, ಆಳದ ನೀರು ಕಪ್ಪು ಸಮುದ್ರದತ್ತ ಹರಿಯುವುದೆಂದು ಅಲ್ಲಿನ ಮೀನುಗಾರರು ಬಲ್ಲವರಾಗಿದ್ದರು. ಮಾರ್ಸಿಲಿ ಹಗ್ಗಕ್ಕೆ ಬಿಳಿಯ ಬೆಂಡಿನ ತುಂಡುಗಳನ್ನು ಕಟ್ಟಿ ಇಳಿಬಿಟ್ಟು ಅದನ್ನು ಕಣ್ಣಾರೆ ಕಂಡನು. ನದಿಗಳು ಬಂದು ಸೇರುವ ಕಪ್ಪು ಸಮುದ್ರದ ನೀರು ಹಗುರ, ಮರ್ಮರದ ನೀರು ಹೆಚ್ಚು ಉಪ್ಪಾದುದರಿಂದ ಭಾರ. ಇದನ್ನೇ ತೊಟ್ಟಿಯಲ್ಲಿ ಮಾಡಿ ತೋರಿಸಿ, 1681ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಮೀನುಗಾರರ ಮಾತನ್ನು ಅಲಕ್ಷಿಸದಿದ್ದುದೇ ಆತನ ಹಿರಿಮೆಯೆಂದು ನನ್ನ ಭಾವನೆ.

ನನ್ನಲ್ಲಿ ಆ ಗುಣವಿರಲಿಲ್ಲ. ಭದ್ರಾ ಉಪನಾಲೆಯ ಕೊನೆಯಲ್ಲಿ ಗದ್ದೆಯಿದ್ದ ಮನೆಯ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ತಳದಲ್ಲಿ ಗಿಡ ಇದ್ರೆ? ನಮ್ಮ ನಾಲೇಲಿ ಜೊಂಡು ಬೆಳೆದ್ರೆ ನೀರು ಮುಂದೆ ಬರೋದೇ ಇಲ್ಲ" ಎಂದಳು. ಪರೀಕ್ಷೆಗೆ ಬಾರದ ಪ್ರಶ್ನೆಯೆಂದು ಗದರಿಸಿ ಕೂರಿಸಿದೆ. ದ್ಯುತಿಸಂಶ್ಲೇಷಣೆಯ ಪಾಠಕ್ಕೆ ತಂದಿದ್ದ ಹೈಡ್ರಿಲ್ಲಾ ಪಕ್ಕದ ಜಾಡಿಯಲ್ಲೇ ಇತ್ತು!

ನಿವೃತ್ತನಾದ ಮೇಲೆ ಮೊಮ್ಮಗನೊಡನೆ ಹೈಡ್ರಿಲ್ಲಾವನ್ನು ಕಲ್ಲಿಗೆ ಕಟ್ಟಿ ತಳದಲ್ಲಿ ನಿಲ್ಲಿಸಿ ನೋಡಿದೆ. ಮೊಂಡು ಮೂತಿ ಮಾಯವಾಗಿತ್ತು. ಕೆಂಪು ನೀರು ಬೆಣೆಯಂತೆ ಓರೆಯಾಗಿ, ತಡೆತಡೆದು ಸರಿಯಿತು. ಗಿಡಗಳನ್ನು ತೆಗೆದು, ಎರಡು ಹಲಗೆಗಳನ್ನು ಓರೆಯಾಗಿಟ್ಟು ತಳವನ್ನು ದೋಣಿಯಂತೆ ಇಳಿಜಾರು ಮಾಡಿದಾಗ, ನಡುವಿನ ಆಳದಲ್ಲಿ ನೀರು ನಾಲಗೆಯಂತೆ ಮುಂದೆ ಚಾಚಿತು, ಅಂಚಿನದು ಹಿಂದುಳಿಯಿತು.

ಉಪ್ಪು ಸಿಹಿಗಳ ಈ ಜಗಳವನ್ನು ನಮ್ಮ ನಾಡಿನಲ್ಲೇ ನೋಡಬೇಕೆಂದರೆ ಕುಮಟಾ ಬಳಿಯ ಅಘನಾಶಿನಿ ಅಳಿವೆಗೆ ಹೋಗಬೇಕು. ಉಬ್ಬರದಲ್ಲಿ ಕಡಲು ಒಳನುಗ್ಗುವುದು, ಮಳೆಗಾಲದ ಹೊಳೆ ಅದನ್ನು ಹಿಂದೊತ್ತುವುದು. ಆ ಲೆಕ್ಕ ತಿಳಿದೇ ಅಲ್ಲಿನ ರೈತರು ಗಜನಿ ಭೂಮಿಯಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆದರು. 2024ರಲ್ಲಿ ಆ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು.

ಆ ಹುಡುಗಿ ಇದನ್ನು ಓದುತ್ತಿದ್ದರೆ ಒಂದು ಸಾಲು ಬರೆಯಲಿ. ಎಷ್ಟು ಚಮಚ ಉಪ್ಪು, ಎಷ್ಟು ಕಂತೆ ಹೈಡ್ರಿಲ್ಲಾ, ಎಲ್ಲವನ್ನೂ ಅವಳಿಗಾಗಿ ಬರೆದಿಟ್ಟಿದ್ದೇನೆ.