ಪಟ್ಟೆ ಮೀನಿನ ಹೆಸರು

ನಮ್ಮ ಮನೆಗೆ ಮೀನು ಬಂದದ್ದು ಮಗನ ಹಟದಿಂದ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದರೆ ಕೊಡಿಸುತ್ತೇನೆಂದು ಅವನ ಅಪ್ಪ ಮಾತು ಕೊಟ್ಟಿದ್ದರು. ಅಂಕವೂ ಬಂತು, ಗಾಜಿನ ತೊಟ್ಟಿಯೂ ಬಂತು. ತಿಂಗಳು ಕಳೆಯುವುದರೊಳಗೆ ಮಗನಿಗೆ ಕ್ರಿಕೆಟ್ಟು, ಇವರಿಗೆ ಆಫೀಸು. ತೊಟ್ಟಿ ನನ್ನ ಮತ್ತು ನನ್ನ ಅವ್ವನ ಪಾಲಿಗೆ ಉಳಿಯಿತು. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಜೊತೆಗೇ ಧಾರವಾಡದಲ್ಲಿ ಇದ್ದಳು. ಮನೆಯಲ್ಲಿ ಯಾರೇ ಏನೇ ಸಾಕಲಿ, ಅದು ಕೊನೆಗೆ ಹೆಂಗಸರ ಕೈಗೇ ಬರುತ್ತದಲ್ಲವೇ!

ಅಂಗಡಿಯವನು ಕೊಟ್ಟದ್ದು ಎರಡೇ ಮೀನು. ಕಿರುಬೆರಳಿನಷ್ಟು ಉದ್ದ, ಕೆಂಪು ಮೈ, ಮೈಮೇಲೆ ಮೂರು ಅಗಲವಾದ ಕಪ್ಪು ಪಟ್ಟೆ. "ಮೆಲನ್ ಬಾರ್ಬ್ ರೀ ಅಕ್ಕಾರ. ನಮ್ಮ ಘಟ್ಟದ ಮೀನ. ಟೈಗರ್ ಬಾರ್ಬಿನಂಗ ರೆಕ್ಕಿ ಕಚ್ಚಂಗಿಲ್ಲ, ಭಾಳ ಶಾಂತ" ಎಂದ. ನಮ್ಮ ಕಡೆ ಗೆಂಡೆ ಎನ್ನುವ ಮೀನಿನ ಬಳಗವೇ ಇದು.

ನನಗೇನು ಗೊತ್ತು? ಒಂದು ಶನಿವಾರ ತೊಟ್ಟಿಯನ್ನು ಪಾತ್ರೆ ತಿಕ್ಕಿದ ಹಾಗೆ ತಿಕ್ಕಿ, ನಲ್ಲಿಯ ನೀರನ್ನು ನೇರವಾಗಿ ತುಂಬಿದೆ. ಮರುದಿನ ಒಂದು ಮೀನು ಸತ್ತು ತೇಲುತ್ತಿತ್ತು. ನಲ್ಲಿ ನೀರಿಗೆ ಬೆರೆಸುವ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಕೊಳೆಯನ್ನು ಅರಗಿಸುವ ಸೂಕ್ಷ್ಮ ಜೀವಿಗಳನ್ನೂ ನಾನೇ ತೊಳೆದು ಚೆಲ್ಲಿದ್ದೆ. ಉಳಿದ ಒಂದು ಮೀನು ಬಣ್ಣಗೆಟ್ಟು ಕಲ್ಲಿನ ಹಿಂದೆ ಅಡಗಿ ಕೂತಿತು. ನಾನು ಔಷಧಿ ತರಲು ಹೊರಟೆ. ಅವ್ವ ತಡೆದಳು. "ಅದಕ್ಕ ಜಡ್ಡಿಲ್ಲವಾ, ಒಂಟಿ ಆಗೇದ" ಎಂದಳು.

ಅವ್ವ ಹೇಳಿದ್ದು ನಿಜ. ಗುಂಪಿನಲ್ಲಿ ಬದುಕುವ ಈ ಮೀನುಗಳು ಕನಿಷ್ಠ ಆರಾದರೂ ಇರಬೇಕು. ಮತ್ತೆ ಐದು ತಂದು ಬಿಟ್ಟೆವು. ಕೆಲವೇ ದಿನಗಳಲ್ಲಿ ಕಲ್ಲಿನ ಹಿಂದಿದ್ದದ್ದು ಹೊರಗೆ ಬಂತು, ಕೆಂಪೂ ಮರಳಿತು. ಅಲ್ಲಿಂದ ಅವ್ವನೇ ತೊಟ್ಟಿಯ ಯಜಮಾನಿ. ರಾತ್ರಿಯಿಡೀ ಬಕೆಟ್ಟಿನಲ್ಲಿ ತೆರೆದಿಟ್ಟ ನೀರನ್ನು ವಾರಕ್ಕೊಮ್ಮೆ ಕಾಲು ಭಾಗ ಮಾತ್ರ ಬದಲಿಸುವಳು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಕಾಳು. ಗಿಡಗಳ ಸಂದಿಯಲ್ಲಿ ಮೊಟ್ಟೆ ಚೆಲ್ಲಿ, ಹಿಂದೆಯೇ ತಾವೇ ತಿನ್ನುವುದನ್ನು ಕಂಡಾಗ ಮಾತ್ರ "ಎಂಥಾ ತಾಯಿನ ಇದು!" ಎಂದು ಮುಖ ತಿರುಗಿಸಿದ್ದಳು.

ಒಮ್ಮೆ ಕೇಳಿದಳು: "ಮೆಲನ್ ಅಂದ್ರ ಕಲ್ಲಂಗಡಿ ಅಂತೀ. ಇದಕ್ಕ ಖರೇ ಹೆಸರು ಇಲ್ಲೇನು?" ನನಗೆ ತಿಳಿಯಲಿಲ್ಲ. ಉತ್ತರ ಸಿಕ್ಕಿದ್ದು ಮಗ ಕಾಲೇಜಿನಲ್ಲಿ ಜೀವಶಾಸ್ತ್ರ ಓದತೊಡಗಿದ ಮೇಲೆ. ಆಗ ಅವ್ವ ಇರಲಿಲ್ಲ.

ಇದರ ಶಾಸ್ತ್ರೀಯ ಹೆಸರು ಹಲುದಾರಿಯ ಫ್ಯಾಸಿಯಾಟ. ಫ್ಯಾಸಿಯಾಟ ಎಂದರೆ ಪಟ್ಟೆಯುಳ್ಳದ್ದು. ಮದ್ರಾಸ್ ಸೇನೆಯ ವೈದ್ಯ ಜೆರ್ಡನ್ 1849ರಲ್ಲಿ ಕೊಟ್ಟದ್ದು. ಹಲುದಾರಿಯ ಎಂಬುದರ ಹಿಂದೆ ಬೇರೆಯೇ ಕತೆಯಿದೆ.

1799ರಲ್ಲಿ ಟಿಪ್ಪು ಸುಲ್ತಾನ ಬಿದ್ದ ಮೇಲೆ ನಮ್ಮ ಮೈಸೂರು, ಕನ್ನಡ ಸೀಮೆಗಳನ್ನು ಸುತ್ತಿ 1807ರಲ್ಲಿ ಮೂರು ಸಂಪುಟ ಪ್ರಕಟಿಸಿದ ಬುಕನನ್ ಹೆಸರನ್ನು ಶಾಲೆಯ ಚರಿತ್ರೆಯಲ್ಲಿ ನೀವೂ ಕೇಳಿರಬಹುದು. ಅವನು ಇತ್ತ ಬರುವ ಮೊದಲು ಬಂಗಾಳದಲ್ಲಿ, ಈಗಿನ ಬಾಂಗ್ಲಾದೇಶದ ಲಕ್ಷ್ಮೀಪುರದಲ್ಲಿ, ಕಂಪನಿಯ ವೈದ್ಯನಾಗಿದ್ದ. ಅಲ್ಲಿ ಮೀನುಗಳ ಅಭ್ಯಾಸ ಹಿಡಿಯಿತು. 1822ರಲ್ಲಿ ಗಂಗೆಯ ಮೀನುಗಳ ಬಗ್ಗೆ ದೊಡ್ಡ ಪುಸ್ತಕ ತಂದ. ನಾವು ಪೇಟೆಯಲ್ಲಿ ಕಾಣುವ ರೋಹು, ಕಾಟ್ಲಾಗಳಿಗೆ ಶಾಸ್ತ್ರೀಯ ಹೆಸರು ಸಿಕ್ಕಿದ್ದು ಅದರಲ್ಲೇ. ಅಷ್ಟು ಹೊತ್ತಿಗೆ ತಾಯಿಯ ಕಡೆಯ ಆಸ್ತಿ ಬಂದು, ತಾಯಿಯ ಮನೆತನದ ಹೆಸರಾದ ಹ್ಯಾಮಿಲ್ಟನ್ ಎಂಬುದನ್ನು ಇಟ್ಟುಕೊಂಡಿದ್ದ.

ಆ ಮೀನುಗಳ ಚಿತ್ರ ಬರೆದವನು ಹಲುದಾರ್ ಎಂಬ ಬಂಗಾಳಿ ಹುಡುಗ. 1797ರ ಸುಮಾರಿಗೆ, ಒಂದೊಂದು ಹುರುಪೆ ಎಣಿಸಿದಂತೆ ಬರೆದ. ಪುಸ್ತಕದಿಂದ ಹ್ಯಾಮಿಲ್ಟನ್ ಜಗತ್ತಿಗೆಲ್ಲ ಗೊತ್ತಾದ. ಹಲುದಾರನ ಬಗ್ಗೆ ಆ ಒಂದು ಹೆಸರು ಬಿಟ್ಟು ಮತ್ತೇನೂ ಉಳಿಯಲಿಲ್ಲ.

2012ರಲ್ಲಿ ಶ್ರೀಲಂಕಾದ ವಿಜ್ಞಾನಿ ರೋಹನ್ ಪೆತಿಯಗೋಡ ಮತ್ತು ಜೊತೆಯವರು ಗೆಂಡೆಗಳ ದೊಡ್ಡ ಕುಲವನ್ನು ಒಡೆದು ವಿಂಗಡಿಸಿದರು. ನಮ್ಮ ಪಟ್ಟೆ ಮೀನಿನ ಕುಲಕ್ಕೆ ದ್ರಾವಿಡಿಯ ಎಂದು ಹೆಸರಿಟ್ಟರು. ನೋಡಿದರೆ ಆ ಹೆಸರು ಆಗಲೇ ಒಂದು ನೊಣದ ಕುಲಕ್ಕೆ ಹೋಗಿಬಿಟ್ಟಿತ್ತು! ಒಂದೇ ಹೆಸರು ಎರಡು ಕುಲಕ್ಕೆ ಸಲ್ಲದು. 2013ರಲ್ಲಿ ಪೆತಿಯಗೋಡ ಹೊಸ ಹೆಸರು ಕೊಟ್ಟರು, ಹಲುದಾರಿಯ ಎಂದು. ಹಲುದಾರ್ ಬರೆದದ್ದು ಗಂಗೆಯ ಮೀನುಗಳನ್ನು, ಅವನ ಹೆಸರು ನಿಂತದ್ದು ಸಹ್ಯಾದ್ರಿಯ ಮೀನಿನ ಮೇಲೆ. ಎರಡು ನೂರು ವರ್ಷ ತಡವಾಗಿಯಾದರೂ ನಿಂತಿತು.

ಮಗ ಇದನ್ನು ಹೇಳುತ್ತಿದ್ದಾಗ ನನ್ನ ಕಣ್ಣು ತೊಟ್ಟಿಯ ಮೇಲಿನ ಗೋಡೆಗೆ ಹೋಯಿತು. ಅಲ್ಲಿ ಅವ್ವ ಹಾಕಿದ ಕಸೂತಿಯ ತೇರು ಇದೆ. ಎಲ್ಲೂ ಗಂಟಿಲ್ಲ, ಹಿಂದೆ ಮುಂದೆ ಒಂದೇ ಸಮ. ಬಂದವರೆಲ್ಲ ಹೊಗಳುತ್ತಾರೆ. ಅಂದು ಅದನ್ನು ಇಳಿಸಿ ತಿರುಗಿಸಿದೆ. ಹಿಂದೆ ಕಟ್ಟು ಹಾಕಿದ ಅಂಗಡಿಯ ಚೀಟಿ ಇತ್ತು, ವಿಳಾಸದ ಸಮೇತ. ಅವ್ವನ ಹೆಸರಿರಲಿಲ್ಲ.

ಪೆನ್ನು ತಂದು ಚೀಟಿಯ ಪಕ್ಕದಲ್ಲಿ ಬರೆದೆ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಲ್ಲ, ಅವಳ ಹೆಸರನ್ನೇ. ಆಮೇಲೆ ರಾತ್ರಿ ತೆರೆದಿಟ್ಟ ಬಕೆಟ್ಟಿನ ನೀರನ್ನು ತೊಟ್ಟಿಗೆ ಕಾಲು ಭಾಗ ಹಾಕಿದೆ. ಆರೂ ಮೀನುಗಳು ಗುಂಪಾಗಿ ಗಾಜಿನ ಹತ್ತಿರ ಬಂದವು.