ಬೆಂಕಿಪುರದ ಕಬ್ಬಿಣವೂ ಮನೆಯ ವಿಜ್ಞಾನ ಪಾಠವೂ

ಇಬ್ನು ಸೀನಾ 980ರಲ್ಲಿ ಬುಖಾರಾದ ಸಮೀಪ ಹುಟ್ಟಿದರು. ಹತ್ತನೆಯ ವಯಸ್ಸಿಗೇ ಕುರ್‌ಆನ್ ಕಂಠಪಾಠ ಮಾಡಿದ್ದರು. ತಂದೆ ಅವರನ್ನು ಭಾರತೀಯ ಲೆಕ್ಕ ಬಲ್ಲ ತರಕಾರಿ ವ್ಯಾಪಾರಿಯ ಬಳಿ ಕಳುಹಿಸಿದರು. ನಾತಿಲಿ ಎಂಬ ವಿದ್ವಾಂಸರನ್ನು ಮನೆಯಲ್ಲೇ ಇರಿಸಿಕೊಂಡು ಪಾಠ ಹೇಳಿಸಿದರು. ಇದನ್ನೆಲ್ಲ ಇಬ್ನು ಸೀನಾ ಅವರೇ ತಮ್ಮ ಆತ್ಮಕಥನದಲ್ಲಿ ತಿಳಿಸಿದ್ದಾರೆ.

ಮನೆಯಲ್ಲಿ ಕಲಿಯುವುದು ನಮ್ಮ ಪರಂಪರೆಗೆ ಹೊಸದಲ್ಲ. ಆದರೆ ಇಂದು ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಮನೆಯಲ್ಲೇ ಕಲಿಸುವಾಗ ದೀನಿ ಪಾಠ, ಭಾಷೆ, ಲೆಕ್ಕ ಉಳಿದು, ಪ್ರಯೋಗಾಲಯವಿಲ್ಲವೆಂಬ ಕಾರಣಕ್ಕೆ ವಿಜ್ಞಾನ ಬಿಟ್ಟುಹೋಗುವ ಅಪಾಯವಿದೆ. ಶಿವಮೊಗ್ಗ, ಭದ್ರಾವತಿಯ ನಮಗಂತೂ ಈ ಕಾರಣ ಸಲ್ಲದು.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಂತೆ ಇಲ್ಲಿ ಎದ್ದ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಅದಿರು ಬಂದದ್ದು ಸೂಫಿ ಸಂತ ಬಾಬಾಬುಡನ್ ಅವರ ಹೆಸರು ಹೊತ್ತ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ. ಕುಲುಮೆಗೆ ಕಲ್ಲಿದ್ದಲಿನ ಬದಲು ಮಲೆನಾಡಿನ ಕಾಡಿನ ಕಟ್ಟಿಗೆಯಿಂದ ಮಾಡಿದ ಇದ್ದಿಲನ್ನು ಹಾಕುತ್ತಿದ್ದರು.

ಆ ಮಣ್ಣೇಕೆ ಕೆಂಪು? ಅದರಲ್ಲಿ ಕಬ್ಬಿಣವು ಆಮ್ಲಜನಕದೊಡನೆ ಕೂಡಿಕೊಂಡಿದೆ. ಕುಲುಮೆಯ ಬಿಸಿಯಲ್ಲಿ ಇದ್ದಿಲಿನ ಇಂಗಾಲ ಆ ಆಮ್ಲಜನಕವನ್ನು ಸೆಳೆದುಕೊಳ್ಳುತ್ತದೆ, ಕಬ್ಬಿಣ ಉಳಿಯುತ್ತದೆ. ಅದೇ ಕಬ್ಬಿಣ ಮಲೆನಾಡಿನ ಮಳೆಗೆ ಸಿಕ್ಕರೆ ಮತ್ತೆ ಆಮ್ಲಜನಕದೊಡನೆ ಸೇರಿ ಕೆಂಪಾಗುತ್ತದೆ. ಅದನ್ನೇ ನಾವು ತುಕ್ಕು ಎನ್ನುವುದು.

ಇದನ್ನು ಅಡುಗೆಮನೆಯಲ್ಲೇ ತೋರಿಸಬಹುದು. ಹೊಳೆಯುವ ಮೂರು ಕಬ್ಬಿಣದ ಮೊಳೆ ತೆಗೆದುಕೊಳ್ಳಿ. ಒಂದನ್ನು ಒದ್ದೆ ಬಟ್ಟೆಯಲ್ಲಿಡಿ. ಇನ್ನೊಂದಕ್ಕೆ ಎಣ್ಣೆ ಸವರಿ ಒದ್ದೆ ಬಟ್ಟೆಯಲ್ಲೇ ಇಡಿ. ಮೂರನೆಯದನ್ನು ಒಣಗಿದ ಡಬ್ಬಿಯಲ್ಲಿ ಮುಚ್ಚಿಡಿ. ಯಾವುದು ಮೊದಲು ತುಕ್ಕು ಹಿಡಿದೀತೆಂದು ಮಗುವೇ ಊಹಿಸಿ ಬರೆಯಲಿ. ಒಂದು ವಾರ ದಿನವೂ ನೋಡಿ ಗುರುತು ಮಾಡಿಕೊಳ್ಳಲಿ. ಉತ್ತರವನ್ನು ನಾವು ಮೊದಲೇ ಹೇಳಬಾರದು. ಊಹೆ ತಪ್ಪಾದರೆ ಗದರಿಸಲೂಬಾರದು. ಕಣ್ಣಾರೆ ಕಂಡು ಊಹೆಯನ್ನು ತಿದ್ದಿಕೊಳ್ಳುವುದೇ ವಿಜ್ಞಾನ.

ಮನೆಯಲ್ಲಿ ಕಲಿತ ಮಗುವಿಗೆ ಮುಂದೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ ಬರೆಯುವ ದಾರಿಯಿದೆ. ಆದರೆ ವಿಜ್ಞಾನದ ಬುನಾದಿಯೇ ಇಲ್ಲದಿದ್ದರೆ ವೈದ್ಯಳಾಗುವ, ಇಂಜಿನಿಯರ್ ಆಗುವ ಬಾಗಿಲು ಪರೀಕ್ಷೆಗೆ ಮೊದಲೇ ಮುಚ್ಚಿರುತ್ತದೆ. ಮುಚ್ಚಿದವರು ನಾವೇ ಆಗಿರುತ್ತೇವೆ.

ಕುರ್‌ಆನಿನ 57ನೆಯ ಸೂರಃದ ಹೆಸರೇ ಅಲ್ ಹದೀದ್, ಅಂದರೆ ಕಬ್ಬಿಣ. ಅದನ್ನು ಓದಲು ಕಲಿತ ಮಗು ಕಬ್ಬಿಣವೆಂದರೇನೆಂದು ಕೇಳಿದಾಗ ಉತ್ತರ ಹುಡುಕಲು ಜೊತೆಗೆ ಕೂರುವುದು ನಮ್ಮ ಹೊಣೆ. ಮಕ್ಕಳು ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು.