ಸೋದೆಯ ಸಿಂಹಾಸನ, ಚೌಕಿಯ ಮುಂಡಾಸು

ವಿಜಯನಗರದ ಶ್ವೇತಚ್ಛತ್ರದ ನೆರಳಿನಲ್ಲಿ 1555ರಲ್ಲಿ ಅರಸಪ್ಪನಾಯಕನು ಸೋದೆಯ ಪಟ್ಟವನ್ನೇರಿದಾಗ, ಶಾಲ್ಮಲೆಯ ತೀರದ ನಮ್ಮ ಅಡಕೆ-ಮೆಣಸಿನ ಸೀಮೆಗೆ ರಾಜವೈಭವವೆಂಬುದು ಕಣ್ಣೆದುರಿನ ಸಂಗತಿಯಾಗಿತ್ತು. ಆತನ ಆಶ್ರಯದಲ್ಲಿ ವಾದಿರಾಜ ಯತಿಗಳು ಸೋದೆಯಲ್ಲಿ ನೆಲೆನಿಂತರು. ಇತ್ತ ಸಿದ್ದಾಪುರದ ಬಿಳಗಿಯಲ್ಲಿ ಜೈನ ಅರಸರು ಬಸದಿಯನ್ನೆತ್ತಿಸಿದರು. ಬಡಗಲಲ್ಲಿ ವಿಜಾಪುರ, ತೆಂಕಲಲ್ಲಿ ಕೆಳದಿ. ಈ ಎರಡು ಮಹಾಬಲಗಳ ನಡುವೆ ತಲೆಯೆತ್ತಿ, ತಲೆಬಾಗಿ, ಮತ್ತೆ ತಲೆಯೆತ್ತಿ ಎರಡು ಶತಮಾನ ಬಾಳಿದ ಸೋದೆಗೆ ವಿಧಿ ಬಂದದ್ದು ಮೂರನೆಯ ದಿಕ್ಕಿನಿಂದ. 1763ರಲ್ಲಿ ಬಿದನೂರನ್ನು ನುಂಗಿದ ಹೈದರಾಲಿಯ ದಂಡು ಇತ್ತ ತಿರುಗಿತು. ಕೊನೆಯ ದೊರೆ ಇಮ್ಮಡಿ ಸದಾಶಿವನು ಘಟ್ಟವಿಳಿದು ಗೋವೆಯ ಪೋರ್ಚುಗೀಸರ ಆಶ್ರಯ ಸೇರಿದ.

ಅರಸರು ಹೋದರೂ ಅರಸುವೇಷ ಹೋಗಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಗದ್ದೆಬಯಲುಗಳಲ್ಲಿ ಮಳೆಗಾಲ ಕಳೆದೊಡನೆ ಯಕ್ಷಗಾನದ ಕೌರವರೂ ಪಾಂಡವರೂ ಮತ್ತೆ ಪಟ್ಟವೇರುತ್ತಲೇ ಬಂದರು. ಆ ಸಾಮ್ರಾಜ್ಯದ ಭಂಡಾರ ಎಂಥದು? ಹುಲ್ಲನ್ನು ಬಟ್ಟೆಯಲ್ಲಿ ಸುತ್ತಿ ಹೊಸೆದ ಅಟ್ಟೆಗಳಿಂದ ಕಟ್ಟಿದ ಮುಂಡಾಸು. ಹಗುರಾದ ಮರದಲ್ಲಿ ಕೊರೆದು, ಬೇಗಡೆ ಹಚ್ಚಿ, ಕನ್ನಡಿಚೂರು ಕೂರಿಸಿದ ಎದೆಕಟ್ಟು, ಭುಜಕೀರ್ತಿ, ಕರ್ಣಪತ್ರ. ಸೊಂಟದಲ್ಲಿ ವೀರಗಸೆ, ಕಾಲಿಗೆ ಬಿಗಿದ ಚೌಕುಳಿಯ ಕಸೆಸೀರೆ. ಕರ್ಣಾರ್ಜುನರಿಗೆ ದೊಡ್ಡ ಮುಂಡಾಸಾದರೆ, ಎಳೆಯ ಅಭಿಮನ್ಯು, ಬಭ್ರುವಾಹನರಿಗೆ ಕೇದಗೆ ಮುಂದಲೆ. ಅರದಾಳದ ಹಳದಿ, ಇಂಗಳೀಕದ ಕೆಂಪು, ಕಾಡಿಗೆಯ ಕಪ್ಪು ಮುಖಕ್ಕೇರಿ ದೊಂದಿಯ ಬೆಳಕು ಬೇಗಡೆಯ ಮೇಲೆ ಬಿದ್ದಾಗ, ಹಗಲಲ್ಲಿ ತೋಟದ ಕೊಟ್ಟೆ ಕಟ್ಟಿದವನೇ ಹಸ್ತಿನಾವತಿಯ ಒಡೆಯ.

ಅರಸರು ಹೋದಾಗ ವೇಷದ ಭಂಡಾರವೂ ಬರಿದಾಗುವುದುಂಟು; ಅದಕ್ಕೆ ದೂರದ ಜಪಾನಿನ ಇತಿಹಾಸವನ್ನು ಇಲ್ಲಿ ನೆನೆಯಬೇಕು. ಅಲ್ಲಿಯ ನೋ ನಾಟಕದವರು ತೊಟ್ಟದ್ದು ಕ್ಯೋಟೋದ ನಿಶಿಜಿನ್ ನೇಕಾರರ ರೇಷ್ಮೆ, ಪ್ರಭುಗಳು ಮೆಚ್ಚಿ ಹೊದಿಸಿದ ನಿಲುವಂಗಿ. 1868ರಲ್ಲಿ ಶೋಗನರ ಆಳ್ವಿಕೆ ಕುಸಿದಾಗ ನಟರ ವೃತ್ತಿವೇತನ ನಿಂತಿತು. ಎಷ್ಟೋ ಮನೆತನಗಳ ಮುಖವಾಡ, ಉಡುಪುಗಳು ಮಾರಾಟಕ್ಕೆ ಬಂದವು. ನಮ್ಮ ಮುಂಡಾಸಿನ ಹುಲ್ಲನ್ನು ಕೊಳ್ಳುವವರೂ ಇರಲಿಲ್ಲ, ದೋಚುವವರೂ ಇರಲಿಲ್ಲ. ಬಡತನವೇ ಅದರ ಕೋಟೆಯಾಯಿತೆಂದು ನನ್ನ ನಂಬಿಕೆ.

ಆದರೂ ಆ ಕೋಟೆಗೆ ಲಗ್ಗೆ ಬಿತ್ತು. ದಂಡು ಬರಲಿಲ್ಲ, ಮಖಮಲ್ಲು ಬಂತು. ಇಪ್ಪತ್ತನೆಯ ಶತಮಾನದ ಕಂಪೆನಿ ನಾಟಕಗಳ ಥಳಕು ವೇಷ ಕಟ್ಟುವ ಚೌಕಿಯೊಳಗೂ ನುಸುಳಿ, ಕೃಷ್ಣನೂ ಸ್ತ್ರೀವೇಷಗಳೂ ಪಟದ ದೇವತೆಗಳಂತಾಗತೊಡಗಿದರು. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಯಕ್ಷಗಾನ ಬಯಲಾಟ’ದ ಕರ್ತೃ ಶಿವರಾಮ ಕಾರಂತರು ಈ ಪಲ್ಲಟವನ್ನು ಕಂಡು ಮರುಗಿ, ಹಳೆಯ ವೇಷಗಳ ಪರ ವಾದಿಸಿದರು. ಘಟ್ಟದ ಕೆಳಗೆ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಬಡಗುತಿಟ್ಟು ಯಕ್ಷಗಾನದ ಗಾಂಭೀರ್ಯವನ್ನು ಎತ್ತಿಹಿಡಿಯಿತು. ಸೋದೆಯ ಕೋಟೆಯಲ್ಲಿ ಇಂದು ಪಾಳುಗೋಡೆಗಳಿವೆ. ಅಲ್ಲಿಂದ ಕೂಗಳತೆಯ ಬಯಲಿನಲ್ಲಿ ಚಂಡೆ ಕೇಳಿದ ರಾತ್ರಿ, ಚೌಕಿಯಲ್ಲಿ ಗಣಪತಿಗೆ ಕೈಮುಗಿದು ಒಬ್ಬಾತ ಮುಂಡಾಸಿಗೆ ಕೊನೆಯ ಸುತ್ತು ಬಿಗಿಯುತ್ತಾನೆ.